ಡೀಸೆಲ್ಲೋ, ಗೋಬರ್ ಗ್ಯಾಸೋ: ಹನಮಂತಪ್ಪನ ಐದು ವರ್ಷದ ಲೆಕ್ಕ

ಮರೋಳದ ಹನಮಂತಪ್ಪ ಮತ್ತು ರಂಗವ್ವನ ಮನೆಯಲ್ಲಿ ಹನ್ನೆರಡು ಎಮ್ಮೆಗಳಿದ್ದವು. ದಿನಾಲೂ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೇ ಕರೆಂಟ್ ಹೋಗುತ್ತಿತ್ತು. ಕರೆಂಟ್ ಇಲ್ಲವೆಂದರೆ ಬೋರಿನಿಂದ ನೀರಿಲ್ಲ, ಮೇವು ಕತ್ತರಿಸುವ ಯಂತ್ರ ತಿರುಗುವುದಿಲ್ಲ. ಎಮ್ಮೆಗಳು ಬಾಯಾರಿ ಒದರುತ್ತಿದ್ದವು. ಅದಕ್ಕೆಂದೇ ಕೊಟ್ಟಿಗೆಯ ಪಕ್ಕದಲ್ಲಿ ಹನ್ನೊಂದು ವರ್ಷದ ಹಳೆಯ ಡೀಸೆಲ್ ಜನರೇಟರ್ ಇಟ್ಟಿದ್ದರು.

ಒಂದು ಶುಕ್ರವಾರ ಹನಮಂತಪ್ಪ ಅದನ್ನು ಚಾಲೂ ಮಾಡಲು ಹ್ಯಾಂಡಲ್ ಹೊಡೆಯುತ್ತಿದ್ದಾಗ ಹ್ಯಾಂಡಲ್ ಹಿಂದಕ್ಕೆ ತಿರುಗಿ ಮುಂಗೈಗೆ ಬಡಿಯಿತು. "ಯವ್ವಾ!" ಎಂಬ ದನಿ ಕೇಳಿ ರಂಗವ್ವ ಹಾಲಿನ ಬಕೆಟ್ ಅಲ್ಲೇ ಬಿಟ್ಟು ಓಡಿ ಬಂದಳು.

"ಏನೂ ಆಗಿಲ್ಲ ಬಿಡ," ಅಂದ ಹನಮಂತಪ್ಪ. ಕೈ ಆಗಲೇ ಬದನೆಕಾಯಿಯಂತೆ ಊದಿತ್ತು.

ಹುನಗುಂದದ ದವಾಖಾನೆಯಲ್ಲಿ ಎಲುಬು ಮುರಿದಿಲ್ಲ ಎಂದರು. ಆದರೂ ಹದಿನೈದು ದಿನ ಬಲಗೈ ಅಲ್ಲಾಡಿಸುವಂತಿರಲಿಲ್ಲ. ರಂಗವ್ವ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಬಾಯಿಗಿಡುತ್ತಿದ್ದಳು. ಬಾಗಿಲಲ್ಲಿ ಯಾರದಾದರೂ ನೆರಳು ಕಂಡರೆ ಅವನು ನಾಚಿ ಮುಖ ತಿರುಗಿಸಿಬಿಡುತ್ತಿದ್ದ.

ಮೂರನೆಯ ದಿನ ಮೆಕ್ಯಾನಿಕ್ ಮುಕ್ತಾರ ಬಂದು ಎಂಜಿನ್ ಬಿಚ್ಚಿ ನೋಡಿದ. "ಕಾಕಾ, ಇದರ ಆಯುಷ್ಯ ಮುಗದೈತ್ರಿ. ರಿಪೇರಿ ಮಾಡಂದ್ರ ಮಾಡ್ತೇನಿ. ಆದ್ರ ರೊಕ್ಕ ದಂಡ," ಅಂದ.

"ಬಾಗಲಕೋಟ್ಯಾಗ ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಮಷಿನ್ ಐತಂತ. ಅರವತ್ತು ಸಾವಿರ. ಅದನ್ನ ತಂದುಬಿಡ್ತೇನಿ," ಅಂದ ಹನಮಂತಪ್ಪ.

"ಹನ್ನೆರಡು ಎಮ್ಮಿ ಕಟ್ಟಿಕೊಂಡು ಡೀಸೆಲ್ ಯಾಕ್ರಿ? ಗೋಬರ್ ಗ್ಯಾಸಿನ ಮ್ಯಾಲ ಓಡೂ ಜನರೇಟರ್ ವಿಚಾರ ಮಾಡ್ರಿ."

"ಅದಕ್ಕ ಎಷ್ಟಾಗ್ತದ?"

"ಗುಂಡಿ, ಪೈಪು, ಮಷಿನ್ ಎಲ್ಲಾ ಕೂಡಿ ಒಂದು ಲಕ್ಷ ಎಂಬತ್ತು ಸಾವಿರ."

ಹನಮಂತಪ್ಪ ನಕ್ಕುಬಿಟ್ಟ. "ಮೂರು ಪಟ್ಟು! ನಿನಗ ಇದ್ರಾಗ ಎಷ್ಟು ಕಮಿಷನ್ ಐತೋ ಮುಕ್ತಾರ?"

ಮುಕ್ತಾರ ಬೇಸರ ಮಾಡಿಕೊಳ್ಳಲಿಲ್ಲ. "ನೀವು ಡೀಸೆಲ್ ತಗೊಂಡ್ರನ ನನಗ ಛಲೋ ಕಾಕಾ, ಕೆಲಸ ಹೆಚ್ಚು. ನಿಮ್ಮ ಕೈ ನೋಡಿ ಹೇಳಾಕತ್ತೇನಿ. ಎಮ್ಮಿ ಕೊಳ್ಳುವಾಗ ಬರೇ ಬೆಲಿ ಕೇಳ್ತೀರೇನು? ಎಷ್ಟು ತಿಂತದ, ಎಷ್ಟು ಹಾಲು ಕೊಡ್ತದ ಅಂತನೂ ಕೇಳ್ತೀರಲ್ಲ? ಮಷಿನ್ನಿಗೂ ಹಂಗ ಕೇಳ್ರಿ. ದಿನಕ್ಕ ಎಷ್ಟು ತಾಸು ಓಡಸ್ತೀರಿ?"

"ಎರಡು ತಾಸು," ಅಂದಳು ರಂಗವ್ವ. "ತಾಸಿಗೆ ಒಂದು ಲೀಟರ್ ಕುಡೀತದ. ಕ್ಯಾನ್ ಹೊತ್ತು ತರಾಕಿ ನಾನ, ನನಗ ಗೊತ್ತು."

"ಲೀಟರಿಗೆ ತೊಂಬತ್ತು ಹಿಡೀರಿ ಅವ್ವಾ. ದಿನಕ್ಕ ನೂರಾ ಎಂಬತ್ತು, ವರ್ಷಕ್ಕ ಅರವತ್ತೈದು ಸಾವಿರ. ಮಷಿನ್ನಿಗೆ ಕೊಟ್ಟಷ್ಟು ರೊಕ್ಕ ಒಂದ ವರ್ಷದಾಗ ಮತ್ತ ಡೀಸೆಲ್ಲಿಗೆ ಹೋತು. ಐದು ವರ್ಷದ ಡೀಸೆಲ್ಲು, ಆಯಿಲ್ಲು, ಫಿಲ್ಟರು, ನನ್ನ ಕೂಲಿ, ಮಷಿನ್ನಿನ ಬೆಲಿ ಕೂಡಿಸಿದ್ರ ನಾಕೂಕಾಲು ಲಕ್ಷ ಆಗ್ತದ."

"ಗ್ಯಾಸಿಂದು?" ಹನಮಂತಪ್ಪನ ನಗು ನಿಂತಿತ್ತು.

"ಎಮ್ಮಿ ಹೆಂಡಿ ನಿಮ್ಮ ಮನೀದು, ಕೊಳ್ಳೂದಿಲ್ಲ. ಪ್ಲಗ್ಗು, ಆಯಿಲ್ಲು, ಗ್ಯಾಸ್ ಸೋಸೂ ಫಿಲ್ಟರು ಅಂತ ವರ್ಷಕ್ಕ ಎಂಟು ಸಾವಿರ. ಐದು ವರ್ಷಕ್ಕ ಎಲ್ಲಾ ಸೇರಿ ಎರಡು ಲಕ್ಷ ಇಪ್ಪತ್ತು ಸಾವಿರ."

"ಬಾಯಿಲೆ ಹೇಳೂದು ಸುಲಭ," ಎಂದು ಹನಮಂತಪ್ಪ ಗೊಣಗಿದ.

"ಹಂಗಾದ್ರ ಕಣ್ಣಿಲೆ ನೋಡಿ ಬರ್ರಿ. ತುಳಸಿಗೇರ್ಯಾಗ ಸತ್ಯವ್ವ ಅಂತ ಇದ್ದಾರ, ಮೂರು ವರ್ಷ ಆತು ಓಡಸಾಕತ್ತು."

ಮರುದಿನ ಗಂಡ ಹೆಂಡತಿ ಬಸ್ ಹತ್ತಿದರು. ಸತ್ಯವ್ವ ಚಹಾ ಕೊಟ್ಟು, ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸಿದಳು. ಗುಂಡಿ ಹೊಲಸು ನಾರುತ್ತಿರಲಿಲ್ಲ. ಗೋಡೆಗೆ ಹೊಗೆಯ ಮಸಿ ಹತ್ತಿರಲಿಲ್ಲ. ಗುಂಡಿಯಿಂದ ಹೊರಬಂದ ರಾಡಿ ಗೊಬ್ಬರವಾಗಿ ನೇರ ಜೋಳದ ಹೊಲಕ್ಕೆ ಹೋಗುತ್ತಿತ್ತು.

"ತ್ರಾಸು ಏನೂ ಇಲ್ಲೇನವ್ವಾ?" ಕೇಳಿದ ಹನಮಂತಪ್ಪ.

"ಯಾಕಿಲ್ಲಣ್ಣಾ? ದಿನಾ ಹೆಂಡಿ ನೀರು ಕಲಸಿ ಹಾಕಬೇಕು, ಅದಕ್ಕ ಸೂಟಿ ಇಲ್ಲ. ಥಂಡಿ ದಿನದಾಗ ಗ್ಯಾಸ್ ಕಮ್ಮಿ ಬರ್ತದ. ಫಿಲ್ಟರ್ ಬದಲಿ ಮಾಡೂದು ಮರತ್ರ ಎಂಜಿನ್ ಕೆಡ್ತದ, ನಂದ ಒಮ್ಮೆ ಕೆಟ್ಟಿತ್ತು. ಆದ್ರ ಡೀಸೆಲ್ ಬಂಕಿನ ದಾರಿ ನಾ ಮರತ ಬಿಟ್ಟೇನಿ."

ಅಲ್ಲಿಂದ ಹೊರಟ ಮೇಲೆ ಹನಮಂತಪ್ಪ ತಲೆ ತಗ್ಗಿಸಿಕೊಂಡೇ ನಡೆದ. ಬಸ್ಸಿಗೆ ಕಾಯುತ್ತ ಬೇವಿನ ಮರದ ಕೆಳಗೆ ಕುಳಿತಾಗ ರಂಗವ್ವ ಕೇಳಿದಳು: "ಮನಸಿಗಿ ಬಂದಿಲ್ಲೇನ್ರಿ?"

"ಬಂದೈತಿ. ಅದಕ್ಕ ಸಂಕಟ ಆಗೇತಿ." ಅವನು ನೆಲ ನೋಡುತ್ತಲೇ ಹೇಳಿದ. "ಕೈಯಾಗ ಅರವತ್ತು ಸಾವಿರನ ಐತಿ. ಉಳದದ್ದಕ್ಕ ಕೆಂಚೀನ್ನ ಮಾರಬೇಕಾಗ್ತದ. ನೀ ಹೆಂಗ ತಡಕೊಂತಿ? ಅದಕ್ಕ ಡೀಸೆಲ್ ಸಾಕು ಅನಸ್ತದ."

ಮಗಳು ಸುಧಾರಾಣಿ ಗಂಡನ ಮನೆಗೆ ಹೋದ ವರ್ಷ ಹುಟ್ಟಿದ ಕರು ಕೆಂಚಿ. ಮೂರನೇ ದಿನಕ್ಕೆ ತಾಯಿ ಸತ್ತಿತ್ತು. ರಂಗವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಅದನ್ನು ಬದುಕಿಸಿದ್ದಳು. ಈಗ ಕೊಟ್ಟಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ ಬಾಳುವ ಎಮ್ಮೆ ಅದೇ. ಈ ಮನುಷ್ಯ ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ತನ್ನ ಕೈ ಮುರಿದರೂ ಸರಿ ಎಂದು ಮತ್ತೊಂದು ಹ್ಯಾಂಡಲ್ ಹೊಡೆಯಲು ಹೊರಟಿದ್ದ.

"ಎಮ್ಮಿ ಮಾರಿ ಹೆಂಡಿ ಗ್ಯಾಸ್ ಮಾಡ್ತೀರೇನು? ಗುಂಡಿಗೆ ಏನ ಹಾಕ್ತೀರಿ?" ಅಂದು ಅವಳು ಕಣ್ಣೊರೆಸಿಕೊಳ್ಳುತ್ತ ನಕ್ಕಳು. "ಕೆಂಚಿ ಎಲ್ಲೂ ಹೋಗೂದಿಲ್ಲ. ಮಹಿಳಾ ಸಂಘದಾಗ ನನ್ನ ಆರು ವರ್ಷದ ಉಳಿತಾಯ ಐತಿ. ಕಡಿಮಿ ಬಿದ್ದದ್ದು ಸಂಘದಾಗ ಸಾಲ ಎತ್ತೂಣು. ದಿನಾ ಡೀಸೆಲ್ಲಿಗೆ ಸುರಿಯೂ ನೂರಾ ಎಂಬತ್ತು ತಗದಿಟ್ರ ಕಂತು ತಾನ ಮುಟ್ತದ."

"ಅದು ನಿನ್ನ ರೊಕ್ಕ. ನಿನಗಿರ್ಲಿ."

ರಂಗವ್ವ ಅವನ ಪಟ್ಟಿ ಸುತ್ತಿದ ಕೈಯನ್ನು ಮೆಲ್ಲಗೆ ತನ್ನ ತೊಡೆಯ ಮೇಲಿಟ್ಟುಕೊಂಡಳು. "ಈ ಕೈ ನಂದಲ್ಲೇನು?"

ಹನಮಂತಪ್ಪ ಅಲ್ಲಿಂದಲೇ ಫೋನ್ ಮಾಡಿ ಬಾಗಲಕೋಟೆಯವನಿಗೆ ಮಷಿನ್ ಬೇಡವೆಂದ.

ಪಂಚಾಯ್ತಿಗೆ ಹೋಗಿ ಸಹಾಯಧನದ ವಿಚಾರ ಕೇಳಿದರು. ಬರುವುದು ತಡವೆಂದು ತಿಳಿದಾಗ ಅರ್ಜಿ ಕೊಟ್ಟು, ಅದನ್ನೇ ಕಾಯದೆ ಕೆಲಸ ಹಚ್ಚಿದರು. ಗುಂಡಿ ಕಟ್ಟಿ, ಸೆಗಣಿ ತುಂಬಿ, ಗ್ಯಾಸ್ ಏಳುವವರೆಗೆ ಎರಡು ತಿಂಗಳು ಹಿಡಿಯಿತು. ಜನರೇಟರನ್ನು ಮುಕ್ತಾರ ಕೊಟ್ಟಿಗೆಯ ಹೊರಗೆ, ನಾಲ್ಕೂ ಕಡೆ ಗಾಳಿಯಾಡುವ ತಗಡಿನ ಚಪ್ಪರದ ಕೆಳಗೆ ಕೂರಿಸಿದ. "ಡೀಸೆಲ್ ಇರ್ಲಿ, ಗ್ಯಾಸ್ ಇರ್ಲಿ, ಮುಚ್ಚಿದ ಕ್ವಾಣ್ಯಾಗ ಓಡಸಬಾರದು. ಹೊಗಿ ಜೀವಾ ತಗೀತದ," ಎಂದು ಇಬ್ಬರಿಗೂ ಎರಡೆರಡು ಸಲ ಹೇಳಿದ.

ಮೊದಲ ಸಲ ಬಟನ್ ಒತ್ತಿದವಳು ರಂಗವ್ವ. ಹ್ಯಾಂಡಲ್ ಇಲ್ಲ, ಕರಿ ಹೊಗೆ ಇಲ್ಲ. ತೊಟ್ಟಿಗೆ ನೀರು ಬಿತ್ತು. ಹನಮಂತಪ್ಪ ಕೈ ಕಟ್ಟಿಕೊಂಡು ನಿಂತು, ಏನು ಕೆಲಸ ಮಾಡಬೇಕೆಂದು ತಿಳಿಯದೆ, ಕೊನೆಗೆ ಬಕೆಟ್ ಎತ್ತಿಕೊಂಡು ಎಮ್ಮೆಗಳ ಕಡೆ ನಡೆದ.

ಈಗ ಒಂದೂವರೆ ವರ್ಷವಾಯಿತು. ಚಳಿಗಾಲದಲ್ಲಿ ಕೆಲವು ದಿನ ಗ್ಯಾಸ್ ಸಾಲದೆ ತೊಂದರೆಪಟ್ಟದ್ದು ನಿಜ. ಸಂಘದ ಕಂತು ಮಾತ್ರ ಒಂದೂ ತಪ್ಪಿಲ್ಲ. ಬಡ್ಡಿ ಸೇರಿಸಿದರೂ ಡೀಸೆಲ್ಲಿಗಿಂತ ಅಗ್ಗವೇ.

ಅಣ್ಣಂದಿರೇ, ಅಕ್ಕಂದಿರೇ, ಈ ಲೆಕ್ಕ ಹನಮಂತಪ್ಪನ ಮನೆಯದು. ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು. ವಾರಕ್ಕೊಮ್ಮೆ ಅರ್ಧ ತಾಸು ಮಾತ್ರ ಕರೆಂಟ್ ಹೋಗುವುದಾದರೆ, ಮನೆಯಲ್ಲಿ ಎರಡೇ ಎಮ್ಮೆಗಳಿದ್ದರೆ, ಸಣ್ಣ ಡೀಸೆಲ್ ಮಷಿನ್ನೇ ನಿಮಗೆ ಸರಿಹೋದೀತು. ಸಿಲಿಂಡರ್ ಕೊಂಡು ಓಡಿಸುವ ಗ್ಯಾಸ್ ಜನರೇಟರ್ ಎಲ್ಲರಿಗೂ ಅಗ್ಗವಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಮಂದಿಯೆಲ್ಲ ಕೂಡಿ ಕುಳಿತುಕೊಳ್ಳಿ. ದಿನಕ್ಕೆ ಎಷ್ಟು ತಾಸು ಬೇಕು, ತಾಸಿಗೆ ಎಷ್ಟು ಇಂಧನ, ಅದರ ಇಂದಿನ ಬೆಲೆ ಎಷ್ಟು, ವರ್ಷದ ರಿಪೇರಿ ಎಷ್ಟು ಎಂದು ಕೇಳಿಕೊಳ್ಳಿ. ಐದು ವರ್ಷಕ್ಕೆ ಗುಣಿಸಿ. ಓಡಿಸುತ್ತಿರುವವರ ಮನೆಗೆ ಹೋಗಿ, ಅವರ ತ್ರಾಸನ್ನೂ ಕೇಳಿ ಬನ್ನಿ. ಮಷಿನ್ ಕೊಳ್ಳುವುದು ಒಂದೇ ದಿನ, ಅದನ್ನು ಸಾಕುವುದು ದಿನಾಲೂ. ಸಾಕುವ ಖರ್ಚು ತಿಳಿದ ಮೇಲೆಯೇ ಮನೆಗೆ ತನ್ನಿ.