ಗುಂಡಿ ಡಬ್ಬಿಯ ಉಬ್ಬಿದ ಬಿಲ್ಲೆ

ನಾನು ಒಂದು ರಬ್ಬರು ಬಿಲ್ಲೆ. ಅಂಗಿ ಗುಂಡಿಯಷ್ಟು ಗಾತ್ರ. ಕಾರ್ಖಾನೆಯ ಅಚ್ಚಿನಲ್ಲಿ ಬಿಸಿಬಿಸಿಯಾಗಿ ಹುಟ್ಟಿ, ಒಂದು ಮೋಟಾರ್ ಸೈಕಲ್ಲಿನ ಮುಂದಿನ ಬ್ರೇಕಿನೊಳಗೆ ಸೇರಿದೆ. ಹಿಡಿಕೆ ಒತ್ತಿದಾಗ ಬ್ರೇಕ್ ಆಯಿಲ್ಲನ್ನು ಗಾಲಿಯ ಕಡೆ ದೂಡುವುದು, ಬಿಟ್ಟಾಗ ಹಿಂದೆ ಸರಿಯುವುದು, ಇಷ್ಟೇ ನನ್ನ ಕೆಲಸ. ಅದರ ಬಗ್ಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಆ ಗಾಡಿ ಕೊಂಡವರು ರಾಣೆಬೆನ್ನೂರಿನ ಟೇಲರ್ ತುಕಾರಾಮ ಮಾಳವದೆ. ಅವರು ಹೊಲಿದ ಬಟ್ಟೆಗೆ ಹೆಂಡತಿ ರುಕ್ಮಾಬಾಯಿ ಗುಂಡಿ ತೂರಿಸುವ ಕಾಜಾ ಹಾಕುತ್ತಿದ್ದರು. ಆ ಕಾಜಾ ನೋಡಿಯೇ ಜನ ಅಂಗಡಿ ಹುಡುಕಿಕೊಂಡು ಬರುತ್ತಿದ್ದರು.

ಮೂರು ವರ್ಷ ಚೆನ್ನಾಗಿ ನಡೆಯಿತು. ಆ ಸಲದ ಖಂಡೇನವಮಿಯ, ಅಂದರೆ ಆಯುಧ ಪೂಜೆಯ, ಬೆಳಿಗ್ಗೆ ತುಕಾರಾಮರು ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಟ್ಟು, ಕತ್ತರಿಗೆ ಕುಂಕುಮ ಹಚ್ಚಿ, ಗಾಡಿಯ ಹತ್ತಿರ ಬಂದರು. ಬ್ರೇಕ್ ಆಯಿಲ್ಲು ಕೊಂಚ ಇಳಿದಿತ್ತು. ಪೂಜೆಯ ದಿನ ಯಾವುದೂ ಕೊರತೆಯಾಗಿರಬಾರದೆಂದು ಮುಚ್ಚಳ ಬಿಚ್ಚಿ, ಕೈಯಲ್ಲಿದ್ದ ಮಷಿನ್ ಎಣ್ಣೆಯನ್ನೇ ತುಂಬಿದರು. ಮೇಲೊಂದು ಚೆಂಡು ಹೂ ಬೇರೆ. ಭಕ್ತಿಗೆ ಏನೂ ಕಡಿಮೆಯಿರಲಿಲ್ಲ.

ರಬ್ಬರಿಗೆ ಆ ಎಣ್ಣೆ ಆಗಿಬರುವುದಿಲ್ಲ. ನಾನು ಉಬ್ಬತೊಡಗಿದೆ. ಮುಂದೆ ಹೋದರೆ ಹಿಂದೆ ಬರಲಾಗುತ್ತಿರಲಿಲ್ಲ. ಮೂರನೆಯ ವಾರ, ಮದುವೆಯ ಬ್ಲೌಸುಗಳ ಗಂಟು ಹಿಡಿದು ಗಂಡ ಹೆಂಡತಿ ಹೊರಟಿದ್ದಾಗ, ತಿರುವಿನಲ್ಲಿ ಪೂರ್ತಿ ಸಿಕ್ಕಿಕೊಂಡೆ. ಗಾಲಿ ಕಚ್ಚಿ ನಿಂತಿತು. ರುಕ್ಮಾಬಾಯಿ ಬಲಗೈ ಊರಿ ಬಿದ್ದರು, ಮಣಿಕಟ್ಟು ಮುರಿಯಿತು. ಕಾಜಾ ಹಾಕುವ ಕೈ ಅದು. ನನಗೆ ಎಲ್ಲಾದರೂ ಕರಗಿಹೋಗಬೇಕು ಅನ್ನಿಸಿತು.

ಮೆಕ್ಯಾನಿಕ್ ದಾವಲಸಾಬರು ಸರ್ವಿಸ್ ಸರಿಯಾಗಿ ಮಾಡಿಲ್ಲವೆಂದು ತುಕಾರಾಮರು ಓಣಿಗೆಲ್ಲ ಹೇಳಿದರು. ಅದನ್ನು ನಂಬಿ ರುಕ್ಮಾಬಾಯಿ ಪ್ಲಾಸ್ಟರ್ ಕೈಯಲ್ಲೇ, ಗಾಡಿ ತಳ್ಳಿಕೊಂಡು ಹೊರಟ ಗಂಡನ ಜೊತೆ ಗ್ಯಾರೇಜಿಗೆ ಬಂದು ಅವರನ್ನು ತರಾಟೆಗೆ ತೆಗೆದುಕೊಂಡರು. ದಾವಲಸಾಬರು ಬ್ರೇಕು ಬಿಚ್ಚಿ, ನನ್ನನ್ನು ಒಂದು ಹೊಸ ಬಿಲ್ಲೆಯ ಪಕ್ಕ ಇಟ್ಟರು. ಅದರ ಮುಂದೆ ನಾನು ಉಂಡು ಉಬ್ಬಿದ ಹೊಟ್ಟೆಯಂತೆ ಕಾಣುತ್ತಿದ್ದೆ.

"ಇದರಾಗ ಬ್ಯಾರೆ ಎಣ್ಣಿ ಬಿದ್ದೈತ್ರಿ. ಏನರ ಹಾಕಿದ್ರೇನ್ರಿ?" ಎಂದು ತುಕಾರಾಮರನ್ನು ಕೇಳಿದರು.

ಖಂಡೇನವಮಿ ಆಗ ನೆನಪಾಯಿತು ತುಕಾರಾಮರಿಗೆ. ಮುಖ ಸಣ್ಣದಾಯಿತು. ಆದರೂ, "ನಾ ಏನೂ ಹಾಕಿಲ್ಲ" ಎಂದರು.

ರುಕ್ಮಾಬಾಯಿ ಎಡಗೈಯಲ್ಲಿ ನನ್ನನ್ನೆತ್ತಿ ಮೂಸಿದರು. ಇಪ್ಪತ್ತು ವರ್ಷ ಆ ವಾಸನೆಯ ಪಕ್ಕದಲ್ಲೇ ಕುಳಿತವರು. ದಾವಲಸಾಬರ ಕಡೆ ತಿರುಗಿದರು.

"ನಿಮ್ಮನ್ನ ಬೈದದ್ದು ನಂದು ತಪ್ಪಾತ್ರಿ. ಇದು ನಮ್ಮ ಮಷಿನ್ ಎಣ್ಣಿ."

ತುಕಾರಾಮರು ತಲೆಯೆತ್ತಲಿಲ್ಲ. ದಾವಲಸಾಬರು ಕೆಲಸಕ್ಕೆ ಕೂತರು. ಒಳಗಿನ ರಬ್ಬರುಗಳನ್ನೆಲ್ಲ ಕಿತ್ತು, ಕೊಳವೆ ಬದಲಿಸಿ, ಉಳಿದದ್ದನ್ನು ತೊಳೆದು ಒರೆಸಿ, ಹೊಸ ಬ್ರೇಕ್ ಆಯಿಲ್ ತುಂಬಿ, ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆದರು. ಗಾಲಿ ಹಗುರಾಗಿ ತಿರುಗಿತು. ಹೊರಡುವಾಗ ತುಕಾರಾಮರು ನನ್ನನ್ನು ಜೇಬಿಗೆ ಹಾಕಿಕೊಂಡರು.

ಈಗ ನಾನು ಅವರ ಗುಂಡಿ ಡಬ್ಬಿಯಲ್ಲಿದ್ದೇನೆ. ಕಾಜಾ ಹಾಕುವವರು ತುಕಾರಾಮರೇ. ರುಕ್ಮಾಬಾಯಿ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ. ಆದರೂ ಸೊಟ್ಟಗಾಗುತ್ತದೆ. ಮೊನ್ನೆ ಹಳೆಯ ಗಿರಾಕಿಯೊಬ್ಬರು ರುಕ್ಮಾಬಾಯಿಯವರ ಕೈಗೆ ಏನಾಯಿತೆಂದು ಕೇಳಿದರು. ಬ್ರೇಕು ಕಚ್ಚಿಕೊಂಡಿತು ಎಂದು ರುಕ್ಮಾಬಾಯಿ ಎಂದಿನಂತೆ ಹೇಳಿದರು. ತುಕಾರಾಮರು ಡಬ್ಬಿಯಲ್ಲಿ ತಡಕಾಡಿ ನನ್ನನ್ನು ತೆಗೆದು ಮೇಜಿನ ಮೇಲಿಟ್ಟರು.

"ಬ್ರೇಕಿಂದು ಅಲ್ರಿ ತಪ್ಪು. ನಾ ಹಾಕಿದ ಎಣ್ಣಿದು. ದಾವಲಸಾಬ್ರ ಮ್ಯಾಲೆ ಸುಳ್ಳ ಹೇಳಿದ್ದೆ."

ಗಾಲಿಯನ್ನು ಕಚ್ಚಿ ನಿಲ್ಲಿಸಿದವನು ನಾನು. ನನ್ನದೂ ಸ್ವಲ್ಪ ಪಾಲಿದೆ ಎಂದು ಹೇಳಬೇಕೆನಿಸಿತು. ರುಕ್ಮಾಬಾಯಿ ಬಲಗೈ ಚಾಚಿ ನನ್ನನ್ನು ಎತ್ತಲು ನೋಡಿದರು. ಬೆರಳು ಪೂರ್ತಿ ಮಡಚಲಿಲ್ಲ. ಎರಡು ಸಲ ಜಾರಿದೆ. ಮೂರನೆಯ ಸಲ ಸಿಕ್ಕಿದೆ. ಅವರೇ ನನ್ನನ್ನು ಗುಂಡಿಗಳ ಜೊತೆ ಹಾಕಿ ಮುಚ್ಚಳ ಮುಚ್ಚಿದರು.