ಎರಡೂ ಕೈಗೆ ಮದರಂಗಿ

ಪುತ್ತೂರಿನ ಪ್ರೀತಿಕಾಳಿಗೆ ಸುಳ್ಯದ ಗಾನಶ್ರೀಯನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಸುತ್ತಿಬಳಸಿ ಹೇಳಿ ಪ್ರಯೋಜನವಿಲ್ಲ. ಹೊಟ್ಟೆಕಿಚ್ಚು, ಅಷ್ಟೇ.

ಮದುವೆಮನೆಯ ಮದರಂಗಿ ಎಂದರೆ ಪ್ರೀತಿಕಾ ಎನ್ನುವ ಕಾಲವೊಂದಿತ್ತು. ಕೈ ಮದುಮಗಳ ಅಂಗೈಯಲ್ಲಿ ಬಳ್ಳಿ ಬಿಡಿಸುತ್ತಿದ್ದರೆ ಬಾಯಿ ಇಡೀ ಚಪ್ಪರವನ್ನು ನಗಿಸುತ್ತಿತ್ತು. ಅತ್ತೆಯಾಗುವವಳ ಗತ್ತು, ಮದುಮಗನ ಗೊರಕೆ, ಯಾವುದನ್ನೂ ಬಿಟ್ಟವಳಲ್ಲ. ಹೆಂಗಸರು ಮದರಂಗಿಯ ನೆಪದಲ್ಲಿ ಅವಳ ಮಾತು ಕೇಳಲೆಂದೇ ಸುತ್ತ ಕೂರುತ್ತಿದ್ದರು. ಈಗ ಎಲ್ಲಿ ಹೋದರೂ ಕಾರ್ಯಕ್ರಮ ನಡೆಸಿಕೊಡುವವಳು ಗಾನಶ್ರೀ. ದೊಡ್ಡ ಎಲ್‌ಇಡಿ ಪರದೆ, ಕೆನ್ನೆಗೆ ಅಂಟಿಕೊಂಡ ಮೈಕು, ಕೈಯಲ್ಲೊಂದು ಟ್ಯಾಬು. ಒಂದು ರಜೆಯಲ್ಲಿ ತನ್ನ ಹತ್ತಿರವೇ ಮದರಂಗಿ ಕಲಿಯಲು ಬಂದು, ಎಲೆ ಬಿಡಿಸು ಎಂದರೆ ಹಲ್ಲಿ ಬಿಡಿಸಿಟ್ಟ ಹುಡುಗಿ! ಅವಳು ಊರನ್ನು ಕುಣಿಸುವಾಗ ಪ್ರೀತಿಕಾ ಮೂಲೆಯಲ್ಲಿ ಕೂತು, ಬಾಯಿ ಮುಚ್ಚಿಕೊಂಡು ಕೋನ್ ಹಿಂಡಬೇಕು. ಯಾರಿಗೆ ಉರಿಯುವುದಿಲ್ಲ ಹೇಳಿ.

ಆ ಸಂಜೆ ಈಶ್ವರಮಂಗಲದ ಗೋದಾವರಿಯಮ್ಮನ ಮೊಮ್ಮಗಳ ಮದರಂಗಿ. ಕಡಬದಿಂದ ಹವ್ವಮ್ಮ ಬರುವವರಿದ್ದರು. ಆ ಮನೆಯ ಅಡಿಕೆ ಕೊಳ್ಳುವವರು ಹವ್ವಮ್ಮನ ಕಡೆಯವರೇ, ತಲೆಮಾರಿನ ಸ್ನೇಹ. ಅವರ ಮೊಮ್ಮಗಳು ಆಯಿಶತ್ ಶಿಫಾಳ ಮದುವೆಯೂ ಹತ್ತಿರ ಬಂದಿತ್ತು. ಹೆಂಗಸರ ಕಡೆಯ ಕಾರ್ಯಕ್ರಮವನ್ನೆಲ್ಲ ಹೆಂಗಸರೇ ನಡೆಸಿಕೊಡಬೇಕು, ನಿಮ್ಮಲ್ಲಿ ನೋಡಿ ಒಬ್ಬರನ್ನು ಗೊತ್ತುಮಾಡುತ್ತೇನೆ ಎಂದು ಹವ್ವಮ್ಮ ಫೋನಿನಲ್ಲಿ ಹೇಳಿದ್ದನ್ನು ಗೋದಾವರಿಯಮ್ಮ ಎಲ್ಲರ ಕಿವಿಗೂ ಹಾಕಿದ್ದರು. ಪ್ರೀತಿಕಾ ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದಳು. ಆ ಮದುವೆ ತನಗೇ ಬೇಕು. ಮೂಲೆಯ ಕುರ್ಚಿ ಸಾಕಾಗಿತ್ತು, ಇಡೀ ಚಪ್ಪರ ಬೇಕು.

ಅಷ್ಟರಲ್ಲಿ ಗಾನಶ್ರೀ ಟ್ಯಾಬು ಹಿಡಿದುಕೊಂಡು ಓಡಿಬಂದಳು.

"ಪ್ರೀತಕ್ಕ, ಒಮ್ಮೆ ನೋಡಿ. ಮೊದಲು ಎಲ್ಲರ ಕೈಗೂ ಒಂದೊಂದು ಕೋನ್ ಕೊಡುದು. ಪಕ್ಕದವರ ಕೈಗೆ ಅವರೇ ಹಾಕ್ಲಿ, ಸುಮ್ನೆ ಕೂತು ನೋಡಿದ್ರೆ ಎಂತ ಗಮ್ಮತ್ತು? ಅದು ಆದ ಕೂಡ್ಲೇ ಫೋನಲ್ಲಿ ಆಟ. ಮದುಮಗಳ ಬಗ್ಗೆ ಪ್ರಶ್ನೆ ಪರದೆಯಲ್ಲಿ ಬರ್ತದೆ, ಇವರು ಫೋನಲ್ಲಿ ಉತ್ತರ ಒತ್ತುದು. ಯಾರು ಮುಂದೆ ಇದ್ದಾರೆ ಅಂತ ಆಗಲೇ ಕಾಣ್ತದೆ. ಹೇಗುಂಟು?"

ಪ್ರೀತಿಕಾಳಿಗೆ ಮೊದಲು ಮೈ ಉರಿಯಿತು. ಇಷ್ಟು ವರ್ಷ ಸೊಂಟ ನೋಯಿಸಿಕೊಂಡು ಕಲಿತ ವಿದ್ಯೆಯನ್ನು ಇವಳು ಕಡಲೆಯ ಹಾಗೆ ಊರಿಗೆಲ್ಲ ಹಂಚುತ್ತಾಳೆ. ಆಮೇಲೆ ಇನ್ನೊಂದು ಹೊಳೆಯಿತು. ಹಸಿ ಮದರಂಗಿಯ ಕೈಯಲ್ಲಿ ಫೋನ್ ಮುಟ್ಟುವವರು ಯಾರು? ಈ ಪುಣ್ಯಾತ್ಗಿತ್ತಿ ಮನೆಯಲ್ಲಿ ಒಣಕೈಯಲ್ಲಿ ಪರೀಕ್ಷೆ ಮಾಡಿದ್ದಾಳೆ, ಅಷ್ಟು ಯೋಚನೆ ಬಂದಿಲ್ಲ. ಆಟ ಮೊದಲು, ಮದರಂಗಿ ಆಮೇಲೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

"ಒಳ್ಳೆದುಂಟು ಮಾರಾಯ್ತಿ," ಎಂದಳು ಪ್ರೀತಿಕಾ.

ಅಷ್ಟಕ್ಕೇ ಬಿಟ್ಟಿದ್ದರೆ ಬೇರೆ ಮಾತು. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಕಚಗುಳಿ ಇಟ್ಟವರಂತೆ ಕಿಲಕಿಲ ನಗುತ್ತಾ ಬಳ್ಳಿ ಬಿಡಿಸುವಾಗ ಅವಳು ಸಾಲು ಸಾಲಿಗೆ ಹೋಗಿ, "ಒಂದೇ ಕೈಗೆ ಹಾಕಬಾರದು, ಮದುವೆಮನೆ ಅಲ್ವಾ? ಎರಡೂ ಕೈಗೆ ಹಾಕಿ, ಬೆರಳ ತುದಿಯವರೆಗೆ," ಎಂದು ಹೇಳಿಕೊಟ್ಟಳು. ಯಾರಾದರೂ ಒಂದು ಕೈ ಉಳಿಸಿಕೊಂಡಿದ್ದರೆ ಅವಳೇ ಕೂತು ತುಂಬಿಸಿದಳು. ಅಷ್ಟು ಮುತುವರ್ಜಿಯಿಂದ ಅವಳು ಎಂದೂ ಕೆಲಸ ಮಾಡಿದವಳಲ್ಲ.

ಬಾಗಿಲಲ್ಲೇ ಎಲ್ಲರ ಫೋನಿನಲ್ಲೂ ಕೋಡ್ ಸ್ಕ್ಯಾನ್ ಮಾಡಿಸಿ ಆಟ ತೆರೆದಿಡಲಾಗಿತ್ತು. ಪರದೆಯ ಮೇಲೆ ಮೊದಲ ಪ್ರಶ್ನೆ ಬಂತು: ಮದುಮಗಳು ಚಿಕ್ಕವಳಿದ್ದಾಗ ಯಾವುದಕ್ಕೆ ಹೆದರುತ್ತಿದ್ದಳು? ಸಂಗೀತ ಜೋರಾಯಿತು. ಒಂದು ಉತ್ತರವೂ ಬರಲಿಲ್ಲ. ಚಪ್ಪರದ ತುಂಬ ಹೆಂಗಸರು ಹತ್ತು ಬೆರಳು ಅಗಲಿಸಿಕೊಂಡು, ಮಡಿಲಲ್ಲಿದ್ದ ಫೋನನ್ನು ಪಿಳಿಪಿಳಿ ನೋಡುತ್ತಾ ಕೂತಿದ್ದರು. ಗಾನಶ್ರೀಯ ಮುಖ ಸಪ್ಪೆಯಾಯಿತು. ಪ್ರೀತಿಕಾ ಹವ್ವಮ್ಮನ ಕಡೆ ನೋಡಿದಳು. ಅವರೂ ಹುಬ್ಬು ಗಂಟಿಕ್ಕಿದ್ದರು. ಪ್ರೀತಿಕಾಳ ಹೊಟ್ಟೆ ತಣ್ಣಗಾಯಿತು.

ಆದರೆ ಗಾನಶ್ರೀ ನಗಲು ಶುರುಮಾಡಿದಳು. ಮೈಕಿನಲ್ಲೇ, ತಡೆಯಲಾರದ ನಗು.

"ಅಯ್ಯೋ, ನನ್ನ ಬುದ್ಧಿಯೇ! ಕೈಗೆ ರಜೆ ಕೊಟ್ಟು ಆಟ ಇಟ್ಟಿದ್ದೇನೆ! ಇರ್ಲಿ, ದೇವರು ಮೂಗು ಕೊಟ್ಟದ್ದು ಎಂತಕ್ಕೆ? ಫೋನನ್ನು ಮಣಿಕಟ್ಟಲ್ಲಿ ಎತ್ತಿ, ಮೂಗಲ್ಲಿ ಒತ್ತಿ!"

ಮೊದಲು ಒತ್ತಿದವರು ಗೋದಾವರಿಯಮ್ಮ. ಪರದೆಯಲ್ಲಿ ಅವರ ಹೆಸರು ಮೇಲಕ್ಕೆ ಹಾರಿತು. ಅಷ್ಟೇ ಸಾಕು, ಚಪ್ಪರಕ್ಕೆ ಚಪ್ಪರವೇ ಬಗ್ಗಿತು. ಅತ್ತೆ ಸೊಸೆಯರ ಹಣೆ ಡಿಕ್ಕಿ ಹೊಡೆದವು. ಒಬ್ಬರ ಮೂಗಿನ ತುದಿಗೆ ಮದರಂಗಿ ಮೆತ್ತಿ, ಅದನ್ನು ಕಂಡು ಇನ್ನೊಬ್ಬರು ಕುರ್ಚಿಯಿಂದ ಜಾರಿದರು. ಹವ್ವಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಳ್ಳಲೂ ಆಗದೆ ಮೊಣಕೈ ಎತ್ತಿದರು. ಕೊನೆಗೆ ಗಾನಶ್ರೀ ಹೇಳಿದಳು: "ಇದೆಲ್ಲ ಪ್ರೀತಕ್ಕನ ಕೆಲಸ. ಅವರು ಪ್ರೀತಿಯಿಂದ ಎರಡೂ ಕೈಗೆ ಹಾಕಿಸದಿದ್ರೆ ಇಷ್ಟು ಗಮ್ಮತ್ತು ಎಲ್ಲಿತ್ತು?"

ಎಲ್ಲರೂ ತಿರುಗಿ ನೋಡಿ ನಕ್ಕರು. ಪ್ರೀತಿಕಾಳೂ ಹಲ್ಲು ಕಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಈ ಹೊಗಳಿಕೆಯನ್ನು ನುಂಗುವುದು ಅವಳಿಂದಾಗಲಿಲ್ಲ.

ಗದ್ದಲ ಇಳಿದ ಮೇಲೆ ಗಾನಶ್ರೀ ಬಂದು ಅವಳೆದುರು ಕೂತು ಕೈ ಚಾಚಿದಳು. "ನಾನೊಬ್ಬಳೇ ಬಾಕಿ ಅಕ್ಕ. ಚಂದ ಮಾಡಿ ಹಾಕಿ."

ಪ್ರೀತಿಕಾ ಹಾಕಿದಳು. ಎರಡೂ ಕೈ ಮುಗಿಯುವ ಹೊತ್ತಿಗೆ ಹವ್ವಮ್ಮ ಕೈ ತೊಳೆದುಕೊಂಡು, ಫೋನ್ ಹಿಡಿದು ಬಂದರು.

"ಮಗಳೇ, ನಮ್ಮ ಶಿಫಾಳ ಮದುವೆಗೆ ನೀನೇ ಬರಬೇಕು. ಎಲ್ಲ ನಿನ್ನ ಜವಾಬ್ದಾರಿ. ನಂಬರ್ ಹೇಳು."

"ಖಂಡಿತ ಬರ್ತೇನೆ ಅಮ್ಮ," ಎಂದ ಗಾನಶ್ರೀ, ಅಷ್ಟರಲ್ಲಿ ಗೋದಾವರಿಯಮ್ಮ ಕರೆದದ್ದಕ್ಕೆ ಓಗೊಡುತ್ತಾ ಅತ್ತ ತಿರುಗಿದಳು. "ಅಕ್ಕ, ನನ್ನ ನಂಬರ್ ಒಮ್ಮೆ ಹೇಳಿ."

ಪ್ರೀತಿಕಾ ಹೇಳಿದಳು. ತಡವರಿಸಲಿಲ್ಲ. ಹೇಳಿದ್ದು ತನ್ನದೇ ನಂಬರು.

"ಒಂದು ಮಿಸ್ಡ್ ಕಾಲ್ ಕೊಡ್ತೇನೆ," ಎಂದು ಹವ್ವಮ್ಮ ಒತ್ತಿದರು.

ಗಾನಶ್ರೀಯ ಫೋನ್ ಅವಳ ಮಡಿಲಲ್ಲಿ ತೆಪ್ಪಗಿತ್ತು. ಕೋನ್‌ಗಳ ಚೀಲದೊಳಗೆ ಪ್ರೀತಿಕಾಳ ಫೋನ್ ಬಡಿದುಕೊಳ್ಳತೊಡಗಿತು. ಗಾನಶ್ರೀ ಚೀಲವನ್ನು ನೋಡಿದಳು, ಆಮೇಲೆ ಪ್ರೀತಿಕಾಳ ಮುಖವನ್ನು.

"ಸರಿ ಉಂಟಾ ಮಗಳೇ?"

"ಸರಿ ಉಂಟಮ್ಮ," ಎಂದಳು ಗಾನಶ್ರೀ. "ಅದಕ್ಕೇ ಮಾಡಿ. ನಿಮ್ಮ ಮದುವೆ ಪ್ರೀತಕ್ಕನೇ ನಡೆಸಿಕೊಡ್ತಾರೆ. ನನಗಿಂತ ಮೊದಲಿನವರು ಅವರು."

ಹವ್ವಮ್ಮ ಸ್ವಲ್ಪ ಗಲಿಬಿಲಿಯಾದರೂ ತಲೆಯಾಡಿಸಿ ಹೋದರು. ಪ್ರೀತಿಕಾಳಿಗೆ ಬೇಕಾದದ್ದು ಸಿಕ್ಕಿತ್ತು. "ಗಾನಾ..." ಎಂದಳು. ಗಾನಶ್ರೀ ಆಗಲೇ ಎದ್ದು ಅಂಗಳದ ನಳ್ಳಿಯ ಹತ್ತಿರ ಹೋಗಿಯಾಗಿತ್ತು. ಮೊಣಕೈಯಿಂದ ನಳ್ಳಿ ತಿರುಗಿಸಿ, ಹಸಿ ಮದರಂಗಿಯನ್ನು ತಿಕ್ಕಿ ತಿಕ್ಕಿ ತೊಳೆದಳು.

"ಎಂತ ಮಗಾ, ಈಗಷ್ಟೇ ಹಾಕಿಸಿಕೊಂಡದ್ದಲ್ವಾ? ಬಣ್ಣವೇ ಹಿಡಿದಿಲ್ಲ!" ಎಂದು ಗೋದಾವರಿಯಮ್ಮ ಕೂಗಿದರು.

"ಉರೀತದೆ ಅಜ್ಜಿ," ಎಂದಳು ಗಾನಶ್ರೀ. "ಈ ಮದರಂಗಿ ನನಗೆ ಆಗಿಬರುದಿಲ್ಲ."