ಬೆಟ್ಟವೀರನ ಬೆನ್ನುಚೀಲ

ಹಳೆಯ ಆಟಿಕೆಗಳ ಆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಚಿಮಟದಮ್ಮ ಎನ್ನುತ್ತಿದ್ದರು. ಊಟದ ಹೊತ್ತಿನಲ್ಲೂ ಕೈಯಿಂದ ಚಿಮಟ ಇಳಿಸದವಳು. ಗೊಂಬೆವೀರರ ಕತ್ತಿ, ಟೋಪಿ, ಹಗ್ಗ, ಬೂಟುಗಳು ಯಾವ ದೇಶದ ಕಾರ್ಖಾನೆಯಲ್ಲಿ ತಯಾರಾದವು ಎಂದು ಗುರುತಿಸುವುದು ಅವಳ ಕೆಲಸ. ಗೊಂಬೆ ಒಂದೇ, ಅಚ್ಚೂ ಒಂದೇ. ಆದರೆ ಅಚ್ಚು ದೇಶ ಬದಲಿಸಿತೆಂದರೆ ಪ್ಲಾಸ್ಟಿಕ್ಕಿನ ಬಣ್ಣ ತುಸು ತಿರುಗುತ್ತದೆ, ಹಳೆಯ ದೇಶದ ಹೆಸರಿದ್ದಲ್ಲಿ ಕೆರೆದು ಅಳಿಸಿದ ಗುರುತು ಉಳಿಯುತ್ತದೆ.

ಈ ಕಣ್ಣು ಕೊಟ್ಟವನು ಅವಳ ಅಣ್ಣ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವಳಿಗೆ ತಲೆ ಬಾಚಿ ಜಡೆ ಹಾಕಿ ಬೆಳೆಸಿದವನು ಅವನೇ. ಆಮೇಲೆ ಇಬ್ಬರೂ ಒಂದೇ ಆಟಿಕೆ ಕಾರ್ಖಾನೆಯಲ್ಲಿ ದುಡಿದರು. ಅವಳು ಬಣ್ಣದ ವಿಭಾಗದಲ್ಲಿ, ಅವನು ಅಚ್ಚಿನ ವಿಭಾಗದಲ್ಲಿ. ಕಾರ್ಖಾನೆ ಬಾಗಿಲು ಹಾಕಿದಾಗ ಅಚ್ಚುಗಳನ್ನು ಕಡಲಾಚೆಯ ಕಂಪನಿಯೊಂದು ಕೊಂಡುಕೊಂಡಿತು. ಅವುಗಳ ಜತೆಗೆ ಅಣ್ಣನೂ ಹೊರಟ.

"ಅಲ್ಲಿಯವರಿಗೆ ಕೈ ಕುದುರೋವರೆಗೆ ಇದ್ದು ಬಂದ್ಬಿಡ್ತೀನಿ. ಅತ್ತಿಗೇನ ನೋಡ್ಕೋ," ಎಂದಿದ್ದ.

ಕೆಲಕಾಲ ಫೋನು ಬರುತ್ತಿತ್ತು. ಆಮೇಲೆ ನಿಂತಿತು. ಇವರೇ ಮಾಡಿದರೆ ಯಾರೋ ತಿಳಿಯದ ಭಾಷೆಯಲ್ಲಿ ಏನೋ ಹೇಳಿ ಇಟ್ಟುಬಿಡುತ್ತಿದ್ದರು. ಹೋದ ಪುಟ್ಟ, ಬಂದ ಪುಟ್ಟ ಎಂಬ ಗಾದೆಯ ಅರ್ಧವಷ್ಟೇ ಅವರ ಪಾಲಿಗೆ ನಿಜವಾಯಿತು. "ಮರೆತ್ರು ಬಿಡು," ಎಂದ ಅತ್ತಿಗೆ, ಆಮೇಲೆ ಆ ಮಾತು ಎತ್ತಲೇ ಇಲ್ಲ.

ಒಂದು ಬೆಳಗ್ಗೆ ಹಲ್ಲಿನ ಡಾಕ್ಟರೊಬ್ಬಳು ಅಂಗಡಿಗೆ ಬಂದಳು. ಬೆಟ್ಟ ಹತ್ತುವ ಗೊಂಬೆಯ ಬೆನ್ನುಚೀಲವೊಂದನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದಳು.

"ನಮ್ಮ ಬೆಟ್ಟವೀರಂದು. ಚಿಕ್ಕೋಳಿದ್ದಾಗ ಆಚೆ ದೇಶದಲ್ಲಿದ್ವಿ, ಅಲ್ಲಿ ಕೊಡಿಸಿದ್ದು. ಎಲ್ರೂ ನಕಲಿ ಅಂತಾರೆ."

ಅಂಗಡಿಯ ಯಜಮಾನ ಇಣುಕಿದ. "ಹಸಿರು ಹಳದಿಗೆ ತಿರುಗಿದೆ. ಡೂಪ್ಲಿಕೇಟೇ ಇರ್ಬೇಕು."

ಚಿಮಟದಮ್ಮ ಭೂತಗನ್ನಡಿ ಹಿಡಿದಳು. ಚೀಲವನ್ನು ಗೊಂಬೆಯ ಬೆನ್ನಿಗೆ ಸಿಕ್ಕಿಸುವ ಪುಟ್ಟ ಗೂಟದ ಬುಡ ಕಂಡದ್ದೇ ಅವಳ ಕೈ ನಿಂತಿತು. ತಮ್ಮ ಕಾರ್ಖಾನೆಯ ಚೀಲಗಳಲ್ಲಿ ಆ ಬುಡ ಚೂಪು ಮೂಲೆ. ಮೂರು ದಿನ ಆಡಿದರೆ ಲಟಕ್ಕನೆ ಮುರಿಯುತ್ತಿತ್ತು. ಅದನ್ನು ದುಂಡಗೆ ಮಾಡೋಣ ಎಂದು ಅಣ್ಣ ಎಂಜಿನಿಯರನ ಹಿಂದೆ ಬಿದ್ದು ಗೋಗರೆದಿದ್ದ. "ಮುರಿದ್ರೆ ಇನ್ನೊಂದು ತಗೋತಾರೆ," ಎಂದು ಎಂಜಿನಿಯರ ನಕ್ಕಿದ್ದ. ಈ ಚೀಲದಲ್ಲಿ ಬುಡ ದುಂಡಗಿತ್ತು. ಆ ದುಂಡು ಒಂದು ಕೂದಲೆಳೆಯಷ್ಟು ಬಲಕ್ಕೆ ವಾಲಿತ್ತು. ಅಣ್ಣ ಎಡಚ. ಅರ ಹಿಡಿದು ಅವನು ಉಜ್ಜಿದ್ದೆಲ್ಲ ಹಾಗೇ ವಾಲುತ್ತಿತ್ತು.

"ನಕಲಿ ಅಲ್ಲಮ್ಮ," ಎಂದಳು. "ಅಸಲಿ ಅಚ್ಚೇ. ದೇಶ ಬೇರೆ, ಅಷ್ಟೇ. ಇನ್ನೂ ಇವೆಯಾ ಇಂಥವು?"

"ನಮ್ಮ ತಮ್ಮಂದಿರವು ಒಂದು ಡಬ್ಬಿ ತುಂಬ ಇವೆ. ಯಾಕೆ?"

"ನೋಡ್ಬೇಕು ಅನ್ಸುತ್ತೆ."

ಡಾಕ್ಟರು ಮಾರನೆಯ ದಿನವೇ ಡಬ್ಬಿ ತಂದು ಅವಳ ಮುಂದೆ ಸುರಿದಳು. ಅಚ್ಚು ಸವೆದ ಪ್ರಮಾಣ ನೋಡಿ ಚಿಮಟದಮ್ಮ ಚೀಲಗಳನ್ನು ಮೊದಲಿನವು, ಆಮೇಲಿನವು ಎಂದು ಸಾಲಾಗಿ ಜೋಡಿಸಿದಳು. ಮೊದಮೊದಲಿನವುಗಳ ಅಂಚು ಬೆಣ್ಣೆಯಂತೆ ನುಣುಪು. ಪ್ರತಿ ಸಲವೂ ಯಾರೋ ಅಚ್ಚನ್ನು ಒರೆಸಿ, ಉಜ್ಜಿ, ಮಗುವಿನಂತೆ ನೋಡಿಕೊಂಡಿದ್ದರು. ಸಾಲಿನ ನಡುವೆ ಒಂದು ಕಡೆ ಅದು ನಿಂತುಹೋಗಿತ್ತು. ಅಲ್ಲಿಂದಾಚೆ ಅಂಚು ಒರಟು, ಬದಿಗಳಲ್ಲಿ ಉಕ್ಕಿದ ಪ್ಲಾಸ್ಟಿಕ್ಕು, ಕೈ ತಾಗಿದರೆ ಗೀರುವಂತೆ. ಕೊನೆಯ ನುಣುಪು ಚೀಲಕ್ಕೂ ಮೊದಲ ಒರಟು ಚೀಲಕ್ಕೂ ನಡುವೆ ಅವಳ ಬೆರಳು ಬಹಳ ಹೊತ್ತು ಇತ್ತು. ಫೋನು ನಿಂತದ್ದು ಯಾಕೆಂದು ಅವಳಿಗೆ ಆಗ ಹೊಳೆಯಿತು.

"ಏನಾಯ್ತಮ್ಮ?" ಡಾಕ್ಟರು ಅವಳ ಭುಜ ಮುಟ್ಟಿದಳು.

"ನಮ್ಮಣ್ಣ ಮಾಡಿದ್ದು ಇವು. ಇಲ್ಲೀವರೆಗೆ."

ಡಾಕ್ಟರು ಆ ಎರಡು ಚೀಲಗಳನ್ನೂ ಎತ್ತಿ ಅವಳ ಅಂಗೈಯಲ್ಲಿಟ್ಟು ಮುಚ್ಚಿದಳು.

ಮನೆಗೆ ಹೋದಾಗ ಅತ್ತಿಗೆ ಬಟ್ಟೆ ಮಡಚುತ್ತಿದ್ದಳು. ಹೇಗೆ ಹೇಳುವುದೆಂದು ತಿಳಿಯದೆ ಚಿಮಟದಮ್ಮ ಮೊದಲು ನುಣುಪಿನದನ್ನು ಕೊಟ್ಟಳು. ಅತ್ತಿಗೆ ಗೂಟದ ಬುಡಕ್ಕೆ ಉಗುರು ತಾಗಿಸಿದಳು, ಇನ್ನೊಮ್ಮೆ ತಾಗಿಸಿದಳು.

"ಅವರಿಗೆ ಚೂಪು ಮೂಲೆ ಕಂಡ್ರಾಗ್ತಿರ್ಲಿಲ್ಲ. ನೀನು ಹಣೆ ಒಡ್ಕೊಂಡೆ ಅಂತ ಮೇಜಿನ ಮೂಲೇನೂ ಉಜ್ಜಿಟ್ಟಿದ್ರು."

"ಹೂಂ."

"ಆ ಇನ್ನೊಂದು?"

"ಅದನ್ನ ಬೇರೆ ಯಾರೋ ಮಾಡಿದ್ದು, ಅತ್ತಿಗೆ."

ಅತ್ತಿಗೆ ಒರಟು ಅಂಚನ್ನು ಸವರಿದಳು. ಅವಳಿಗೂ ಬಿಡಿಸಿ ಹೇಳಬೇಕಿರಲಿಲ್ಲ.

"ಬೇರೆ ಕೆಲಸಕ್ಕೆ ಹೋಗಿರ್ಬಹುದಲ್ವಾ?" ಎಂದಳು.

"ಹೋಗಿರ್ಬಹುದು."

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಅತ್ತಿಗೆ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು. ಅವಳ ಕಣ್ಣೀರು ಅದರ ಮೇಲೆ ಬೀಳುತ್ತಿತ್ತು.

"ಮರೆತ್ರು ಅಂತ ಮನಸ್ಸಲ್ಲೇ ಎಷ್ಟು ಬೈದ್ಬಿಟ್ಟೆ," ಎಂದಳು. ಬಟ್ಟೆ ಪಕ್ಕಕ್ಕೆ ಸರಿಸಿ, "ಬಾ, ಕೂತ್ಕೋ. ನನ್ನ ನೋಡೋಕೆ ಬಂದ ದಿನ ಎಡ, ಬಲ ಬೂಟು ಅದಲುಬದಲು ಹಾಕ್ಕೊಂಡು ಬಂದಿದ್ರು, ಗೊತ್ತಾ ನಿಂಗೆ?"

ಗೊತ್ತಿತ್ತು. ಆದರೂ ಚಿಮಟದಮ್ಮ ಗೊತ್ತಿಲ್ಲವೆಂದು ತಲೆಯಾಡಿಸಿ, ಕೇಳಲು ಕುಳಿತಳು.